ಎರಡು ಪಕ್ಷ, ಎರಡು ಪತ್ರಿಕೆ: ಅಮೆರಿಕದ ಹಳೇ ಜಗಳ

ಕೇಳುಗರಿಗೆ ನಮಸ್ಕಾರ.

1791ರಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಥಾಮಸ್ ಜೆಫರ್ಸನ್ ತಮ್ಮ ಇಲಾಖೆಗೆ ಒಬ್ಬ ಅನುವಾದಕರನ್ನು ನೇಮಿಸಿಕೊಂಡರು. ಹೆಸರು ಫಿಲಿಪ್ ಫ್ರೆನೊ. ಸಂಬಳ ವರ್ಷಕ್ಕೆ 250 ಡಾಲರ್. ಅಲ್ಪಸ್ವಲ್ಪ ಫ್ರೆಂಚ್ ಬಂದರೆ ಸಾಕು. ಕೆಲಸ ಕಡಿಮೆ, ಬಿಡುವು ಜಾಸ್ತಿ. ಆ ಬಿಡುವಿನಲ್ಲಿ ಫ್ರೆನೊ ಏನು ಮಾಡಿದರು ಗೊತ್ತಾ? ಆಗಿನ ರಾಜಧಾನಿ ಫಿಲಡೆಲ್ಫಿಯಾದಲ್ಲಿ 'ನ್ಯಾಷನಲ್ ಗೆಜೆಟ್' ಅಂತ ಪತ್ರಿಕೆ ಶುರು ಮಾಡಿ, ತಮಗೆ ಸಂಬಳ ಕೊಡುವ ಸರ್ಕಾರವನ್ನೇ ಬೈಯತೊಡಗಿದರು. ಜೆಫರ್ಸನ್ನರಿಗೆ ಬೇಕಾದದ್ದೂ ಅದೇ.

ಯಾಕೆಂದರೆ ಹಣಕಾಸು ಮಂತ್ರಿ ಅಲೆಕ್ಸಾಂಡರ್ ಹ್ಯಾಮಿಲ್ಟನ್ನರಿಗೂ ಜೆಫರ್ಸನ್ನರಿಗೂ ಎಣ್ಣೆ ಸೀಗೆಕಾಯಿ. ಹ್ಯಾಮಿಲ್ಟನ್ ಪರವಾಗಿ ಜಾನ್ ಫೆನೊ ಅನ್ನುವವರ ಪತ್ರಿಕೆ ಮೊದಲೇ ಇತ್ತು. ಅದಕ್ಕೆ ಖಜಾನೆ ಇಲಾಖೆಯ ಮುದ್ರಣದ ಕೆಲಸ ಸಿಗುತ್ತಿತ್ತು. ಒಂದೇ ಸಂಪುಟದ ಇಬ್ಬರು ಮಂತ್ರಿಗಳು, ಇಬ್ಬರ ಬೆನ್ನಿಗೂ ಒಂದೊಂದು ಪತ್ರಿಕೆ, ಎರಡಕ್ಕೂ ಸರ್ಕಾರದ ದುಡ್ಡು. ಅಧ್ಯಕ್ಷ ಜಾರ್ಜ್ ವಾಷಿಂಗ್ಟನ್ ಪಾಡು ಕೇಳಿ. ತಮ್ಮನ್ನು ಹೀಯಾಳಿಸುವ ಫ್ರೆನೊ ಪತ್ರಿಕೆಯ ಮೂರು ಮೂರು ಪ್ರತಿ ಅವರ ಮನೆಗೇ ಬರುತ್ತಿತ್ತು. ನಾನೇನು ಅವನ ಪತ್ರಿಕೆ ಹಂಚುವವನೇ ಅಂತ ಸಂಪುಟ ಸಭೆಯಲ್ಲಿ ಅವರು ಸಿಡಿದದ್ದನ್ನು ಜೆಫರ್ಸನ್ನರೇ ಬರೆದಿಟ್ಟಿದ್ದಾರೆ. ಆದರೂ ಫ್ರೆನೊ ಅವರನ್ನು ಕೆಲಸದಿಂದ ತೆಗೆಯಲಿಲ್ಲ.

ಇನ್ನು ಸಂಸತ್ತಿನ ಕಥೆ. 1798ರ ಫೆಬ್ರವರಿಯಲ್ಲಿ ಹ್ಯಾಮಿಲ್ಟನ್ ಪಕ್ಷದ ಸದಸ್ಯ, ಕನೆಕ್ಟಿಕಟ್ಟಿನ ರೋಜರ್ ಗ್ರಿಸ್ವಲ್ಡ್, ತಮ್ಮ ಮುಖಕ್ಕೆ ಉಗುಳಿದ್ದ ಜೆಫರ್ಸನ್ ಪಕ್ಷದ, ವರ್ಮಾಂಟಿನ ಮ್ಯಾಥ್ಯೂ ಲಯನ್ ಅವರನ್ನು ಸಭೆಯಲ್ಲೇ ಬೆತ್ತದಿಂದ ಬಾರಿಸಿದರು. ಲಯನ್ ಅಗ್ಗಿಷ್ಟಿಕೆಯ ಹತ್ತಿರ ಹೋಗಿ ಕೆಂಡ ತೆಗೆಯುವ ಇಕ್ಕಳ ಹಿಡಿದುಕೊಂಡು ಬಂದರು. ಇಬ್ಬರೂ ನೆಲದ ಮೇಲೆ ಬಿದ್ದು ಹೊರಳಾಡಿದರು. ಉಳಿದ ಸದಸ್ಯರು ಕಾಲು ಹಿಡಿದು ಎಳೆದು ಬಿಡಿಸಬೇಕಾಯಿತು. ಅದೇ ವರ್ಷ ಸರ್ಕಾರವನ್ನು ಟೀಕಿಸಿದರೆ ಜೈಲು ಅನ್ನುವ ಕಾನೂನು ಬಂತು. ಅಧ್ಯಕ್ಷ ಜಾನ್ ಆಡಮ್ಸ್ ವಿರುದ್ಧ ಪತ್ರಿಕೆಗೆ ಬರೆದದ್ದಕ್ಕೆ ಲಯನ್ ಅವರಿಗೆ ನಾಲ್ಕು ತಿಂಗಳ ಸಜೆ. ಜೈಲಿನಲ್ಲಿದ್ದುಕೊಂಡೇ ಅವರು ಮತ್ತೆ ಚುನಾವಣೆ ಗೆದ್ದರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಅಮೆರಿಕದಲ್ಲಿರುವ ನಮ್ಮ ನೆಂಟರಿಷ್ಟರು ಫೋನಿನಲ್ಲಿ ಸಿಕ್ಕಾಗ ಒಂದು ಮಾತು ಹೇಳುವುದುಂಟು. "ಮೊದಲು ಹೀಗಿರಲಿಲ್ಲ, ಈ ಫೇಸ್‌ಬುಕ್ಕು, ಈ ಟ್ರಂಪು ಬಂದಮೇಲೆ ಎಲ್ಲ ಕೆಟ್ಟಿತು." ಅವರು ಹೇಳುವ 'ಮೊದಲು' 1970–80ರ ದಶಕ. ಆ ದೇಶದ ಚರಿತ್ರೆ ನೋಡಿದರೆ ಜಗಳ ಹೊಸದಲ್ಲ. ನಡುವೆ ಕೆಲವು ದಶಕ ತಣ್ಣಗಿತ್ತಲ್ಲ, ಅದೇ ಅಪರೂಪ. ಅದು ಹೇಗೆ ತಣ್ಣಗಾಯಿತು, ಯಾರ ಖರ್ಚಿನಲ್ಲಿ ತಣ್ಣಗಾಯಿತು ಅನ್ನುವುದನ್ನು ನೋಡಬೇಕು.

ಹತ್ತೊಂಬತ್ತನೇ ಶತಮಾನದ ಬಹುಪಾಲು ಪತ್ರಿಕೆ ಅಂದರೆ ಪಕ್ಷದ ಪತ್ರಿಕೆ ಅಂತಲೇ ಲೆಕ್ಕ. ಅಂಗಡಿಗೆ ಬೋರ್ಡು ಹಾಕಿದ ಹಾಗೆ ಹೆಸರಿನಲ್ಲೇ ಪಕ್ಷ ಇರುತ್ತಿತ್ತು. ರಾಚೆಸ್ಟರ್ ಊರಿನ 'ಡೆಮಾಕ್ರಟ್ ಅಂಡ್ ಕ್ರಾನಿಕಲ್' ಇವತ್ತಿಗೂ ಆ ಹೆಸರಿನಲ್ಲೇ ಬರುತ್ತಿದೆ. ಗುಲಾಮಗಿರಿಯ ಪ್ರಶ್ನೆ ಕಾವೇರಿದಾಗ, 1856ರಲ್ಲಿ, ಗುಲಾಮಗಿರಿಯ ಪರ ಇದ್ದ ದಕ್ಷಿಣ ಕೆರೊಲಿನಾದ ಸಂಸದ ಪ್ರೆಸ್ಟನ್ ಬ್ರೂಕ್ಸ್ ಮೇಲ್ಮನೆಯಾದ ಸೆನೆಟ್ ಒಳಗೇ ಹೋಗಿ, ಅದನ್ನು ವಿರೋಧಿಸುತ್ತಿದ್ದ ಸೆನೆಟರ್ ಚಾರ್ಲ್ಸ್ ಸಮ್ನರ್ ಅವರನ್ನು ಪ್ರಜ್ಞೆ ತಪ್ಪುವ ಹಾಗೆ ಹೊಡೆದರು. ಬೆತ್ತ ಮುರಿಯಿತು. ದಕ್ಷಿಣದ ಅಭಿಮಾನಿಗಳು ಹೊಸ ಬೆತ್ತಗಳನ್ನು ಕಳಿಸಿಕೊಟ್ಟರು. ಐದು ವರ್ಷದಲ್ಲಿ ಅಂತರ್ಯುದ್ಧ.

ಪತ್ರಿಕೆಗಳು ನಿಷ್ಪಕ್ಷಪಾತದ ಕಡೆ ವಾಲಿದ್ದು ಬುದ್ಧಿ ಬಂದು ಅಂತೇನೂ ಅಲ್ಲ, ವ್ಯಾಪಾರಕ್ಕೆ. 1846ರಲ್ಲಿ ಹುಟ್ಟಿದ ಅಸೋಸಿಯೇಟೆಡ್ ಪ್ರೆಸ್ ತನ್ನ ತಂತಿ ಸುದ್ದಿಯನ್ನು ಎಲ್ಲ ಪಕ್ಷದ ಪತ್ರಿಕೆಗಳಿಗೂ ಮಾರಬೇಕಿತ್ತು. ಒಂದು ಕಡೆ ವಾಲಿದರೆ ಇನ್ನೊಂದು ಕಡೆಯ ಗಿರಾಕಿ ಹೋಗ್ತಾನೆ, ಅಲ್ವಾ? ಮುಂದೆ ಜಾಹೀರಾತು ಕೊಡುವ ದೊಡ್ಡ ಅಂಗಡಿಗಳಿಗೂ ಎಲ್ಲ ಪಕ್ಷದ ಓದುಗರೂ ಬೇಕಾದರು.

ಈಗ ಆ ತಣ್ಣನೆಯ ಕಾಲಕ್ಕೆ ಬರೋಣ. 1950ರಲ್ಲಿ ಅಮೆರಿಕದ ರಾಜ್ಯಶಾಸ್ತ್ರಜ್ಞರ ಸಂಘ ಒಂದು ವರದಿ ಕೊಟ್ಟಿತು. ಅದರ ದೂರು ಏನು ಅಂತೀರಿ? ನಮ್ಮ ಎರಡು ಪಕ್ಷಗಳ ನಡುವೆ ಸಾಕಷ್ಟು ವ್ಯತ್ಯಾಸ ಇಲ್ಲ, ಮತದಾರನಿಗೆ ಆಯ್ಕೆಯೇ ಸಿಗುತ್ತಿಲ್ಲ, ಪಕ್ಷಗಳು ಇನ್ನೂ ಬಿಗಿಯಾಗಬೇಕು ಅಂತ! ಕೇಳಿದ್ದಕ್ಕಿಂತ ಜಾಸ್ತಿಯೇ ಸಿಕ್ಕಿತು ಬಿಡಿ.

ವ್ಯತ್ಯಾಸ ಇಲ್ಲದ್ದಕ್ಕೆ ಕಾರಣ ದಕ್ಷಿಣದ ರಾಜ್ಯಗಳು. ರಿಪಬ್ಲಿಕನ್ ಅಂದರೆ ಗುಲಾಮಗಿರಿ ತೊಡೆದ ಲಿಂಕನ್ ಪಕ್ಷ, ಹಾಗಾಗಿ ಅಲ್ಲಿನ ಬಿಳಿಯರು ತಲೆತಲಾಂತರದಿಂದ ಡೆಮಾಕ್ರಟ್. ಕಪ್ಪು ಜನರಿಗೆ ತೆರಿಗೆ, ಓದುಬರಹದ ಪರೀಕ್ಷೆ ಅಂತ ನೆಪ ಹೇಳಿ ಮತ ಹಾಕಲು ಬಿಡುತ್ತಲೇ ಇರಲಿಲ್ಲ. ಉತ್ತರದಲ್ಲಿ ನೋಡಿದರೆ ಅದೇ ಡೆಮಾಕ್ರಟ್ ಪಕ್ಷದಲ್ಲಿ ಕಾರ್ಮಿಕ ಸಂಘದವರು, ವಲಸೆ ಬಂದವರು, 1930ರ ದಶಕದಿಂದ ಕಪ್ಪು ಮತದಾರರೂ ಇದ್ದರು. ಆಚೆ ರಿಪಬ್ಲಿಕನ್ನರಲ್ಲಿ ನ್ಯೂಯಾರ್ಕಿನ ಜೇಕಬ್ ಜಾವಿಟ್ಸ್ ತರಹದ ಉದಾರವಾದಿಗಳಿದ್ದರು. ಪಕ್ಷ ದಾಟಿ ಕೈಕುಲುಕುವುದು ಸಲೀಸಾಗಿತ್ತು. ಆದರೆ ಆ ಸೌಹಾರ್ದಕ್ಕೆ ಒಂದು ಷರತ್ತಿತ್ತು: ಜನಾಂಗದ ಪ್ರಶ್ನೆ ಎತ್ತಬಾರದು. ಗುಂಪು ಸೇರಿ ಕಪ್ಪು ಜನರನ್ನು ಕೊಲ್ಲುವುದನ್ನು ತಡೆಯುವ ಮಸೂದೆಗಳು ಸೆನೆಟ್ಟಿನಲ್ಲಿ ಮತ್ತೆ ಮತ್ತೆ ಸತ್ತವು. ಹಾಗಾಗಿ ಆ ಕಾಲವನ್ನು ಸುವರ್ಣಯುಗ ಅನ್ನುವವರ ಜೊತೆ ನಾನು ತಲೆಯಾಡಿಸಲಾರೆ.

1957ರಲ್ಲಿ ಸೆನೆಟರ್ ಸ್ಟ್ರಾಮ್ ಥರ್ಮಂಡ್ ನಾಗರಿಕ ಹಕ್ಕುಗಳ ಮಸೂದೆ ತಡೆಯಲು 24 ಗಂಟೆ 18 ನಿಮಿಷ ಒಂದೇ ಸಮನೆ ಮಾತಾಡಿದರು. ಆಗ ಅವರು ಡೆಮಾಕ್ರಟ್. 1964ರ ಮಸೂದೆ ಸೆನೆಟ್ಟಿನಲ್ಲಿ 73–27ರಿಂದ ಪಾಸಾಯಿತು. ವಿರೋಧಿಸಿದ 27 ಮಂದಿಯಲ್ಲಿ 21 ಜನ ಡೆಮಾಕ್ರಟರೇ! ಉಳಿದ ಆರು ರಿಪಬ್ಲಿಕನ್ನರಲ್ಲಿ ಬ್ಯಾರಿ ಗೋಲ್ಡ್‌ವಾಟರ್ ಒಬ್ಬರು. ಆ ವರ್ಷವೇ ಅಧ್ಯಕ್ಷ ಚುನಾವಣೆಗೆ ನಿಂತು ಅವರು ಹೀನಾಯವಾಗಿ ಸೋತರು. ಗೆದ್ದದ್ದು ಆರೇ ರಾಜ್ಯ: ತಮ್ಮ ಅರಿಜೋನಾ, ಬಿಟ್ಟರೆ ದಕ್ಷಿಣದ ಐದು. ಥರ್ಮಂಡ್ ಅಷ್ಟರಲ್ಲಿ ಪಕ್ಷ ಬದಲಿಸಿ ರಿಪಬ್ಲಿಕನ್ ಆಗಿದ್ದರು. ದಕ್ಷಿಣದ ಉಳಿದ ಬಿಳಿಯರು ನಿಧಾನಕ್ಕೆ, ಮೂವತ್ತು ವರ್ಷ ತೆಗೆದುಕೊಂಡು, ಅದೇ ದಾರಿ ಹಿಡಿದರು.

ಇತ್ತ ರೇಡಿಯೋದ ಕಥೆಯೂ ನಡೆದಿತ್ತು. ಅಲ್ಲಿ ನಮ್ಮ ಆಕಾಶವಾಣಿಯ ಹಾಗಲ್ಲ, ಕೇಂದ್ರಗಳು ಖಾಸಗಿಯವರದು, ಪರವಾನಗಿ ಮಾತ್ರ ಸರ್ಕಾರದ್ದು. ತರಂಗಗಳು ಕೆಲವೇ, ಬೇಕಾದವರು ಬಹಳ. ಹಾಗಾಗಿ 1949ರಲ್ಲಿ ಒಂದು ನಿಯಮ ಬಂತು, ಫೇರ್‌ನೆಸ್ ಡಾಕ್ಟ್ರಿನ್ ಅಂತ. ಜನರಿಗೆ ಸಂಬಂಧಿಸಿದ ವಿವಾದಗಳ ಬಗ್ಗೆ ಮಾತಾಡಬೇಕು, ಎರಡೂ ಕಡೆಯ ಮಾತಿಗೆ ಜಾಗ ಕೊಡಬೇಕು.

1964ರಲ್ಲಿ ಪೆನ್ಸಿಲ್ವೇನಿಯಾದ ರೆಡ್ ಲಯನ್ ಅನ್ನುವ ಸಣ್ಣ ಊರಿನ ರೇಡಿಯೋ ಒಂದು ಹದಿನೈದು ನಿಮಿಷದ ಭಾಷಣ ಹಾಕಿತು. ಬಿಲ್ಲಿ ಜೇಮ್ಸ್ ಹಾರ್ಗಿಸ್ ಅನ್ನುವ ಪಾದ್ರಿ, ಗೋಲ್ಡ್‌ವಾಟರ್ ವಿರುದ್ಧ ಪುಸ್ತಕ ಬರೆದಿದ್ದ ಪತ್ರಕರ್ತ ಫ್ರೆಡ್ ಕುಕ್ ಅವರನ್ನು ಅದರಲ್ಲಿ ತರಾಟೆಗೆ ತೆಗೆದುಕೊಂಡಿದ್ದರು. ನನಗೂ ಪುಕ್ಕಟೆ ಸಮಯ ಕೊಡಿ, ಉತ್ತರ ಹೇಳ್ತೇನೆ ಅಂತ ಕುಕ್ ಕೇಳಿದರು. ಕೇಂದ್ರದವರು ದುಡ್ಡಿನ ಮಾತು ಎತ್ತಿದರು. ಜಗಳ ಸುಪ್ರೀಂ ಕೋರ್ಟಿಗೆ ಹೋಯಿತು. 1969ರಲ್ಲಿ ಕೋರ್ಟು ಹೇಳಿತು: ಇಲ್ಲಿ ಮುಖ್ಯ ಕೇಳುಗರ ಹಕ್ಕು, ಕೇಂದ್ರದ ಮಾಲೀಕರದಲ್ಲ. ಮೈಕಿನ ಮುಂದೆ ಕೂತ ನನಗೆ ಈ ಮಾತು ಹಿಡಿಸುತ್ತದೆ. ಆದರೆ ಈ ನಿಯಮ ಹಾಲಿನಷ್ಟು ಬಿಳುಪಾಗಿರಲಿಲ್ಲ. ಬಲಪಂಥೀಯ ರೇಡಿಯೋಗಳ ಬಾಯಿ ಮುಚ್ಚಿಸಲು ಡೆಮಾಕ್ರಟಿಕ್ ಪಕ್ಷದವರು ಇದನ್ನೇ ಕೋಲಾಗಿ ಬಳಸಿದ್ದರು ಅನ್ನುವುದು ಆಮೇಲೆ ಹೊರಬಂತು.

1987ರಲ್ಲಿ ನಿಯಮ ಹೋಯಿತು. ಸಂಸತ್ತು ಅದನ್ನು ಕಾನೂನಾಗಿ ಮಾಡಲು ಹೊರಟಾಗ ಅಧ್ಯಕ್ಷ ರೇಗನ್ ತಡೆದರು. ಅವರೂ ಒಂದು ಕಾಲದಲ್ಲಿ ಐಯೋವಾದಲ್ಲಿ ರೇಡಿಯೋ ಕಾಮೆಂಟರಿ ಹೇಳುತ್ತಿದ್ದವರೇ. ಮರುವರ್ಷ ಆಗಸ್ಟಿನಲ್ಲಿ ರಿಪಬ್ಲಿಕನ್ನರ ಪರ ಮಾತಾಡುವ ರೇಡಿಯೋ ನಿರೂಪಕ ರಶ್ ಲಿಂಬಾ ದೇಶದುದ್ದಕ್ಕೂ ಕೇಳಿಸತೊಡಗಿದರು. ದಿನಕ್ಕೆ ಮೂರು ಗಂಟೆ, ಒಬ್ಬನೇ ಮನುಷ್ಯ, ಒಂದೇ ಪಕ್ಷ. ಬರೀ ನಿಯಮ ಹೋದದ್ದರಿಂದ ಹೀಗಾಯಿತು ಅನ್ನುವುದು ಪೂರ್ತಿ ಸರಿಯಲ್ಲ. ಹಾಡುಗಳೆಲ್ಲ ಎಫ್‌ಎಂಗೆ ಹೋಗಿ ಎಎಂ ಕೇಂದ್ರಗಳು ಖಾಲಿ ಹೊಡೆಯುತ್ತಿದ್ದವು. ಲಿಂಬಾ ಕಾರ್ಯಕ್ರಮಕ್ಕೆ ಅವು ದುಡ್ಡು ಕೊಡಬೇಕಿರಲಿಲ್ಲ, ಜಾಹೀರಾತಿನ ಕೆಲವು ನಿಮಿಷ ಬಿಟ್ಟುಕೊಟ್ಟರೆ ಸಾಕಿತ್ತು. ಹಸಿದವನಿಗೆ ಬಿಟ್ಟಿ ಊಟ, ಬೇಡ ಅಂತಾನಾ?

ಇದಕ್ಕೂ ಮೊದಲೇ ಸಂಸತ್ತಿನ ಒಳಗೆ ಕ್ಯಾಮೆರಾ ಬಂದಿತ್ತು, 1979ರಲ್ಲಿ. ನ್ಯೂಟ್ ಗಿಂಗ್ರಿಚ್ ಅನ್ನುವ ಜಾರ್ಜಿಯಾದ ಯುವ ರಿಪಬ್ಲಿಕನ್ ಸದಸ್ಯರಿಗೆ ಒಂದು ಉಪಾಯ ಹೊಳೆಯಿತು. ದಿನದ ಕಲಾಪ ಮುಗಿದ ಮೇಲೆ ಯಾರು ಬೇಕಾದರೂ ಮಾತಾಡಬಹುದಿತ್ತು. ಕುರ್ಚಿಗಳು ಖಾಲಿ, ಕ್ಯಾಮೆರಾ ಮಾತ್ರ ಮಾತಾಡುವವರ ಮುಖದ ಮೇಲೆ. ಗಿಂಗ್ರಿಚ್ ಮತ್ತು ಗೆಳೆಯರು ಡೆಮಾಕ್ರಟರನ್ನು ಹೆಸರು ಹಿಡಿದು ಬೈದು, ಉತ್ತರ ಕೊಡಿ ಅಂತ ಸವಾಲು ಹಾಕಿ, ಸ್ವಲ್ಪ ಹೊತ್ತು ಕಾಯುತ್ತಿದ್ದರು. ಮನೆಯಲ್ಲಿ ಟಿವಿ ನೋಡುವವರಿಗೆ, ಪಾಪ ಅವರ ಹತ್ತಿರ ಉತ್ತರವೇ ಇಲ್ಲ ಅನಿಸುತ್ತಿತ್ತು. 1984ರ ಮೇ ತಿಂಗಳಲ್ಲಿ ಸ್ಪೀಕರ್ ಟಿಪ್ ಓನೀಲ್ ರೇಗಿ, ಕ್ಯಾಮೆರಾ ಸುತ್ತ ತಿರುಗಿಸಿ ಅಂದರು. ಖಾಲಿ ಸಭೆ ದೇಶಕ್ಕೆಲ್ಲ ಕಾಣಿಸಿತು. ಆದರೆ ಮುಂದಿನ ಗಲಾಟೆಯಲ್ಲಿ ಓನೀಲ್ ಆಡಿದ ಮಾತೇ ಸಭೆಯ ನಿಯಮಕ್ಕೆ ವಿರುದ್ಧ ಅಂತ ತೀರ್ಮಾನವಾಗಿ, ಗಿಂಗ್ರಿಚ್ ರಾತ್ರೋರಾತ್ರಿ ಹೆಸರುವಾಸಿಯಾದರು. ಹತ್ತು ವರ್ಷದ ಮೇಲೆ, 1994ರಲ್ಲಿ, ರಿಪಬ್ಲಿಕನ್ನರು 54 ಸ್ಥಾನ ಹೆಚ್ಚಿಸಿಕೊಂಡು ನಾಲ್ಕು ದಶಕದಲ್ಲಿ ಮೊದಲ ಸಲ ಕೆಳಮನೆ ಗೆದ್ದರು. ಹೊಸದಾಗಿ ಗೆದ್ದವರು ಲಿಂಬಾ ಅವರನ್ನು ಕರೆಸಿ ಗೌರವ ಸದಸ್ಯ ಅಂತ ಮೆರೆಸಿದರು. 1996ರಲ್ಲಿ ರಿಪಬ್ಲಿಕನ್ನರ ಕಡೆ ವಾಲುವ ಟಿವಿ ಚಾನೆಲ್ ಫಾಕ್ಸ್ ನ್ಯೂಸ್ ಬಂತು. ಅದನ್ನು ಕಟ್ಟಿದ ರೋಜರ್ ಏಲ್ಸ್, 1968ರಲ್ಲಿ ನಿಕ್ಸನ್ ಅವರ ಟಿವಿ ಸಲಹೆಗಾರ. 1996ರಲ್ಲೇ ಹುಟ್ಟಿದ ಎಂಎಸ್‌ಎನ್‌ಬಿಸಿ ಚಾನೆಲ್ ಮುಂದೆ ಡೆಮಾಕ್ರಟರ ಕಡೆಗೆ ವಾಲಿತು.

ಫೇಸ್‌ಬುಕ್ಕಿಗೆ ಪಾಲೇ ಇಲ್ಲ ಅನ್ನುವುದಿಲ್ಲ. ಆದರೆ 2017ರ ಒಂದು ಅಧ್ಯಯನದಲ್ಲಿ ಕಂಡದ್ದು ಬೇರೆ. ಪಕ್ಷ ಪಕ್ಷಗಳ ನಡುವಿನ ಬಿರುಕು ಅತಿ ಹೆಚ್ಚು ಬೆಳೆದದ್ದು ಇಂಟರ್ನೆಟ್ ಕಡಿಮೆ ಬಳಸುವ ವಯಸ್ಸಾದವರಲ್ಲೇ.

ಇನ್ನೊಂದು ಲೆಕ್ಕ. ನಿಮ್ಮ ಮಗನೋ ಮಗಳೋ ಎದುರು ಪಕ್ಷದವರನ್ನು ಮದುವೆಯಾದರೆ ಬೇಜಾರಾ ಅಂತ 1960ರಲ್ಲಿ ಅಮೆರಿಕನ್ನರನ್ನು ಕೇಳಿದ್ದರು. ರಿಪಬ್ಲಿಕನ್ನರಲ್ಲಿ ಶೇಕಡಾ 5, ಡೆಮಾಕ್ರಟರಲ್ಲಿ ಶೇಕಡಾ 4 ಮಂದಿ ಹೌದು ಅಂದರು. ಅಂಥದೇ ಪ್ರಶ್ನೆಗೆ 2010ರಲ್ಲಿ ರಿಪಬ್ಲಿಕನ್ನರಲ್ಲಿ ಹತ್ತಿರ ಹತ್ತಿರ ಅರ್ಧ, ಡೆಮಾಕ್ರಟರಲ್ಲಿ ಮೂರನೇ ಒಂದು ಪಾಲು. 1960ರಲ್ಲಿ ಹುಡುಗ ಡೆಮಾಕ್ರಟ್ ಅಂದರೆ ಅವನು ಅಲಬಾಮಾದ ಬಿಳಿ ರೈತನೋ ಶಿಕಾಗೋದ ಕಪ್ಪು ಕಾರ್ಮಿಕನೋ ತಿಳಿಯುತ್ತಿರಲಿಲ್ಲ. ಈಗ ಪಕ್ಷದ ಹೆಸರು ಕೇಳಿದರೆ ಸಾಕು. ಪಟ್ಟಣದವನೋ ಹಳ್ಳಿಯವನೋ, ಭಾನುವಾರ ಚರ್ಚಿಗೆ ಹೋಗ್ತಾನೋ ಇಲ್ಲವೋ, ರಾತ್ರಿ ಯಾವ ಚಾನೆಲ್ ನೋಡ್ತಾನೆ ಅನ್ನುವುದರ ತನಕ ಬೀಗರು ಆಗಲೇ ಅಂದಾಜು ಹಾಕಿರುತ್ತಾರೆ.

ನಮಸ್ಕಾರ.