ನಾಲ್ಕೂವರೆ ಸಾವಿರ ಜನರ ತಂಡ

ಕೇಳುಗರೆಲ್ಲರಿಗೂ ನಮಸ್ಕಾರ.

ಕ್ರೀಡೆಯ ಬಗ್ಗೆ ಎಂಟು ನಿಮಿಷ ಮಾತಾಡಿ ಅಂತ ಈ ಕೇಂದ್ರದವರು ಕರೆದರು. ಐಸ್‌ಲ್ಯಾಂಡಿನ ಒಂದು ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಮಾತಾಡ್ತೀನಿ ಅಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇಲ್ಲ. ಆಮೇಲೆ, "ಆಗಲಿ ಸಾರ್" ಅಂದರು. ಅವರಿಗೆ ವಂದನೆ.

ನಾನು ಮೂವತ್ತು ವರ್ಷ ಶಾಲೆಯ ಮೈದಾನದಲ್ಲಿ ವಿಷಲ್ ಊದಿದವನು. ಎಲ್ಲಿ ಹೋದರೂ ಒಂದೇ ಮಾತು ಕೇಳಿದ್ದೀನಿ: "ನಮ್ಮದು ಚಿಕ್ಕ ಊರು ಮೇಷ್ಟ್ರೇ, ಹನ್ನೊಂದು ಜನ ಸೇರೋದೇ ಕಷ್ಟ." ಹುಡುಗಿಯರ ತಂಡ ಕಟ್ಟೋಣ ಅಂದರಂತೂ ಕೇಳಲೇಬೇಡಿ. ಅದಕ್ಕೇ ಇವತ್ತು ನಿಮ್ಮನ್ನ ಒಂದು ದ್ವೀಪಕ್ಕೆ ಕರ್ಕೊಂಡು ಹೋಗ್ತೀನಿ.

ಐಸ್‌ಲ್ಯಾಂಡಿನ ದಕ್ಷಿಣ ಕರಾವಳಿಯಿಂದ ಆಚೆ ಒಂದಷ್ಟು ದ್ವೀಪಗಳಿವೆ, ವೆಸ್ಟ್‌ಮನ್ನೇಯರ್ ಅಂತ. ಅದರಲ್ಲಿ ಜನ ಇರೋದು ಒಂದರಲ್ಲಿ ಮಾತ್ರ, ಹೇಮಾಯ್. ಸುಮಾರು 13 ಚದರ ಕಿಲೋಮೀಟರ್. ಒಂದು ಊರು, ಒಂದು ಬಂದರು, ಮೀನು. ಜನಸಂಖ್ಯೆ ಸುಮಾರು 4,500. ಈ ಸಂಖ್ಯೆ ನೆನಪಿಟ್ಟುಕೊಳ್ಳಿ, ಮತ್ತೆ ಮತ್ತೆ ಕೇಳ್ತೀನಿ. ಆ ಊರಿನ ಕ್ಲಬ್ಬು ಐ.ಬಿ.ವಿ. ಗಂಡಸರ ತಂಡ ಮೂರು ಸಲ ಲೀಗ್ ಗೆದ್ದು ದೇಶದ ಚಾಂಪಿಯನ್, ಐದು ಸಲ ಕಪ್, ಅಂದರೆ ಸೋತವರು ಹೊರಗೆ ಹೋಗೋ ಟೂರ್ನಿ, ಗೆದ್ದಿದೆ. ಹೆಂಗಸರ ತಂಡ ಎರಡು ಸಲ ಕಪ್ ಗೆದ್ದಿದೆ. ನಾಲ್ಕೂವರೆ ಸಾವಿರ ಜನ!

ಈಗ 1973ರ ಜನವರಿ 23. ಆಗ ಊರಲ್ಲಿ 5,300 ಜನ. ಹಿಂದಿನ ದಿನ ಬಿರುಗಾಳಿ ಬೀಸಿತ್ತು. ಮೀನು ಹಿಡಿಯೋ ಬೋಟುಗಳು ಯಾವುದೂ ಕಡಲಿಗೆ ಇಳಿದಿರಲಿಲ್ಲ, ಸಾಲಾಗಿ ಬಂದರಿನಲ್ಲೇ ಕಟ್ಟಿ ನಿಂತಿದ್ದವು. ಇದನ್ನ ಗಮನಿಸಿ, ಇದೇ ಮುಖ್ಯ. ರಾತ್ರಿ ಎರಡು ಗಂಟೆ ಹೊತ್ತಿಗೆ ಊರಿನ ಪೂರ್ವದ ಅಂಚಿನಲ್ಲಿ ನೆಲ ಬಾಯಿ ಬಿಟ್ಟಿತು. ಮೊದಲಿಂದ ಇದ್ದ ಬೆಟ್ಟದಿಂದಲ್ಲ, ಹಸುರು ಹುಲ್ಲಿನ ನೆಲದಿಂದ. ಒಂದೂವರೆ ಕಿಲೋಮೀಟರಿಗೂ ಉದ್ದದ ಬಿರುಕು, ಅದರುದ್ದಕ್ಕೂ ಬೆಂಕಿಯ ಗೋಡೆ. ಮಲಗಿದ್ದ ಮಕ್ಕಳ ಮೇಲೆ ಕೋಟು ಹೊದಿಸಿ ಜನ ಬಂದರಿಗೆ ನಡೆದರು. ಬೋಟುಗಳು ಅಲ್ಲೇ ಇದ್ದವಲ್ಲ? ಗಾಳಿಯೂ ಇಳಿದಿತ್ತು. ಬೆಳಗಾಗೋದರೊಳಗೆ ಊರಿಗೆ ಊರೇ ಕಡಲು ದಾಟಿ ಆಚೆ ದಡ ಸೇರಿತ್ತು. ಹಿಂದಿನ ದಿನ ಬಿರುಗಾಳಿ ಬರದೇ ಹೋಗಿದ್ದರೆ ಅಷ್ಟು ಬೋಟುಗಳು ಬಂದರಲ್ಲಿ ಇರ್ತಿರಲಿಲ್ಲ.

ಬೆಂಕಿ ಉಗುಳೋದು ಜುಲೈ ತನಕ ನಡೀತು. ನಾನೂರರಷ್ಟು ಮನೆ ಹೋದವು. ಉಳಿದ ಮನೆಗಳ ಮೇಲೆ ಕಪ್ಪು ಬೂದಿ, ಕೆಲವು ಕಡೆ ಸೂರಿನ ತುದಿ ಮಾತ್ರ ಕಾಣ್ತಿತ್ತು. ಲಾವಾ, ಅಂದರೆ ಕರಗಿದ ಕಲ್ಲು, ಹರಿದು ಬಂದರಿನ ಬಾಯಿ ಮುಚ್ಚೋ ಹಾಗಾಯಿತು. ಬಂದರು ಹೋದರೆ ಊರು ಹೋಯಿತು ಅಂತಲೇ ಲೆಕ್ಕ. ಆಗ ಅವರು ಮಾಡಿದ್ದೇನು ಗೊತ್ತೇ? ಪಂಪು ಹೂಡಿ, ಪೈಪು ಎಳೆದು, ಕಡಲ ನೀರನ್ನೇ ಲಾವಾ ಮೇಲೆ ಸುರಿದರು. ತಿಂಗಳುಗಟ್ಟಲೆ! ಲಾವಾ ತಣಿದು, ಗಟ್ಟಿಯಾಗಿ ನಿಂತಿತು, ಬಂದರು ಉಳಿಯಿತು. ಆಮೇಲೆ ಅದೇ ಬಿಸಿ ಲಾವಾದೊಳಗೆ ನೀರು ಹಾಯಿಸಿ ವರ್ಷಗಟ್ಟಲೆ ಮನೆ ಬೆಚ್ಚಗೆ ಮಾಡಿಕೊಂಡರು. ಆ ರಾತ್ರಿ ಹುಟ್ಟಿದ ಗುಡ್ಡಕ್ಕೆ ಎಲ್ಡ್‌ಫೆಲ್ ಅಂತ ಹೆಸರು, ಬೆಂಕಿ ಬೆಟ್ಟ ಅಂತ ಅರ್ಥ.

ಮೇಷ್ಟ್ರೇ, ಫುಟ್‌ಬಾಲ್ ಎಲ್ಲಿ ಅಂತೀರಾ? ಬಂದೆ. ಊರು ಬೂದಿಯಡಿ ಇದ್ದ ಆ ವರ್ಷವೂ ಐ.ಬಿ.ವಿ. ಲೀಗ್ ಆಡಿತು. ತವರಿನ ಪಂದ್ಯಗಳನ್ನೂ ಪರರ ಮೈದಾನದಲ್ಲಿ ಆಡಬೇಕಾಯಿತು. ಹಿಂದಿನ ವರ್ಷ ಕಪ್ ಗೆದ್ದಿದ್ದರಿಂದ ಯುರೋಪಿನ ಟೂರ್ನಿಗೂ ಹೋದರು. ಎದುರು ಬಂದದ್ದು ಜರ್ಮನಿಯ ಬೊರುಸ್ಸಿಯಾ ಮ್ಯೋಂಚೆನ್‌ಗ್ಲಾಡ್‌ಬಾಖ್. ಎರಡು ಪಂದ್ಯ ಸೇರಿ ಒಟ್ಟು ಫಲಿತಾಂಶ 16–1. ಗೆದ್ದವರು ಯಾರು ಅಂತ ಹೇಳಬೇಕಿಲ್ಲ. ನನಗೆ ಆ ಹದಿನಾರಕ್ಕಿಂತ ಆ ಒಂದು ಗೋಲು ದೊಡ್ಡದಾಗಿ ಕಾಣುತ್ತೆ. ಮನೆ ಬೂದಿಯಲ್ಲಿದೆ, ಇವರು ಜರ್ಮನಿಯವರ ವಿರುದ್ಧ ಗೋಲು ಹೊಡೀತಾರೆ. ಮುಂದೆ ಆರೇ ವರ್ಷ. 1979ರಲ್ಲಿ ಮೊದಲ ಸಲ ದೇಶದ ಚಾಂಪಿಯನ್.

ಆ ಊರಿನೊಳಗೇ ಥೋರ್, ತೀರ್ ಅಂತ ದೇವತೆಗಳ ಹೆಸರಿನ ಎರಡು ಕ್ಲಬ್ಬುಗಳಿದ್ದವು. ಅಷ್ಟು ಚಿಕ್ಕ ಊರಲ್ಲೂ ಎರಡು ಪಾರ್ಟಿ, ಅದು ಎಲ್ಲಿ ಹೋದರೂ ತಪ್ಪಿದ್ದಲ್ಲ ಬಿಡಿ. ಹೊರಗಿನವರ ಎದುರು ಮಾತ್ರ ಒಟ್ಟಾಗಿ ಐ.ಬಿ.ವಿ. 90ರ ದಶಕದ ನಡುವೆ ಎರಡೂ ಸೇರಿ ಪೂರ್ತಿ ಒಂದಾದವು. 1997ರಲ್ಲಿ ಲೀಗ್ ಗೆದ್ದರು, 1998ರಲ್ಲಿ ಲೀಗ್ ಮತ್ತು ಕಪ್ ಎರಡೂ.

ದುಡ್ಡು ಎಲ್ಲಿಂದ ಅಂತ ಕೇಳಬಹುದು. ಆಗಸ್ಟ್ ತಿಂಗಳ ಶುರುವಿಗೆ ಅಲ್ಲಿ ದೊಡ್ಡ ಹಬ್ಬ ನಡೆಯುತ್ತೆ, 1874ರಿಂದ. ಅದರ ಹೆಸರು ಹೇಳಲು ನನ್ನ ನಾಲಿಗೆ ತೊಡರುತ್ತೆ, ಆದರೆ ಅರ್ಥ ಏನು ಗೊತ್ತೇ? ನಾಡಹಬ್ಬ! ಸಾವಿರಾರು ಜನ ಹಡಗು ಹತ್ತಿ ಬರ್ತಾರೆ, ಊರವರು ಕಣಿವೆಯಲ್ಲಿ ಸಾಲಾಗಿ ಬಿಳಿ ಡೇರೆ ಹಾಕ್ತಾರೆ. ನಡೆಸೋದು ಇದೇ ಕ್ಲಬ್ಬು, ಬಂದ ಲಾಭ ಕ್ಲಬ್ಬಿಗೆ. ಬೇಸಿಗೆಯಲ್ಲಿ ಮಕ್ಕಳ ಫುಟ್‌ಬಾಲ್ ಹಬ್ಬ ಬೇರೆ. ಹುಡುಗರಿಗೊಂದು, ಹುಡುಗಿಯರಿಗೊಂದು. ಕೇಳಿಸಿಕೊಂಡಿರಾ, ಹುಡುಗಿಯರಿಗೂ ಒಂದು. ದೇಶದ ಮೂಲೆ ಮೂಲೆಯಿಂದ ಬಂದ ಮಕ್ಕಳು ಶಾಲೆಯ ಕೋಣೆಗಳಲ್ಲಿ ಹಾಸಿಗೆ ಹಾಸಿ ಮಲಗ್ತಾರೆ.

ಹೆಂಗಸರ ತಂಡದ ಬಗ್ಗೆ ಅರ್ಧ ಸಮಯ ಇಡಬೇಕು ಅಂತ ಬರೆದುಕೊಂಡು ಬಂದಿದ್ದೆ. ಬೆಂಕಿ ಬೆಟ್ಟ ನುಂಗಿಹಾಕಿತು. ನನ್ನದೇ ತಪ್ಪು. ಬೇಗ ಬೇಗ ಹೇಳ್ತೀನಿ.

ಮಾರ್ಗ್ರೆತ್ ಲಾರಾ ವಿದಾರ್ಸ್‌ಡೋತಿರ್. ವಿದಾರ್ಸ್‌ಡೋತಿರ್ ಅಂದರೆ ವಿದಾರನ ಮಗಳು, ಅಷ್ಟೇ. ಅಲ್ಲಿ ಮನೆತನದ ಹೆಸರಿಗಿಂತ ಅಪ್ಪನ ಹೆಸರೇ ಹೆಚ್ಚು. ಈ ದ್ವೀಪದ ಹುಡುಗಿ. ಐ.ಬಿ.ವಿ.ಯಲ್ಲಿ ಆಟ ಕಲಿತು, 2004ರಲ್ಲಿ ಕಪ್ ಗೆದ್ದ ತಂಡದಲ್ಲಿ ಆಡಿ, ಮುಂದೆ ಐಸ್‌ಲ್ಯಾಂಡ್ ಪರ 79 ಗೋಲು ಹೊಡೆದಳು. ಆ ದೇಶದಲ್ಲಿ ಗಂಡಸಾಗಲಿ ಹೆಂಗಸಾಗಲಿ ಅಷ್ಟು ಹೊಡೆದವರಿಲ್ಲ. ನಾಲ್ಕೂವರೆ ಸಾವಿರ ಜನರ ಊರಿನವಳು!

ಹೇಮಿರ್ ಹಾಲ್‌ಗ್ರಿಮ್‌ಸನ್ ಕೂಡ ಅಲ್ಲಿಯವರೇ. ಹಲ್ಲಿನ ಡಾಕ್ಟರು. ಕ್ಲಿನಿಕ್ ಜೊತೆಗೆ ಐ.ಬಿ.ವಿ.ಯ ಹೆಂಗಸರ ತಂಡಕ್ಕೆ ಕೋಚು, ಆಮೇಲೆ ಗಂಡಸರ ತಂಡಕ್ಕೆ. ಮುಂದೆ 2016ರ ಯುರೋ ಕಪ್ಪಿನಲ್ಲಿ ಐಸ್‌ಲ್ಯಾಂಡ್ ಇಂಗ್ಲೆಂಡನ್ನು ಸೋಲಿಸಿದಾಗ ಇಬ್ಬರು ಕೋಚ್‌ಗಳಲ್ಲಿ ಒಬ್ಬರು ಇವರು. 2018ರ ವಿಶ್ವಕಪ್ಪಿನಲ್ಲಿ ಮೆಸ್ಸಿಯ ಅರ್ಜೆಂಟೀನಾ ಎದುರು 1–1 ಸಮ ಮಾಡಿದಾಗಲೂ ಕೋಚ್ ಇವರೇ. ಹೆಂಗಸರ ತಂಡಕ್ಕೆ ಕೋಚ್ ಆಗೋದು ಕೀಳು ಕೆಲಸ ಅಂತ ತಿಳಿದಿರೋ ನಮ್ಮ ಕೆಲವು ಕೋಚ್ ಮಿತ್ರರು ಈಗ ರೇಡಿಯೋ ಹತ್ತಿರ ಇದ್ದರೆ ದಯವಿಟ್ಟು ಸ್ವಲ್ಪ ದನಿ ಏರಿಸಿಕೊಳ್ಳಿ.

2017ರಲ್ಲಿ ಗಂಡಸರ ಕಪ್ಪು, ಹೆಂಗಸರ ಕಪ್ಪು, ಎರಡೂ ಒಂದೇ ವರ್ಷ ಅದೇ ಹಡಗಿನ ದಾರಿಯಲ್ಲಿ ಆ ಬಂದರಿಗೆ ಬಂದವು. ಆ ಹೆಂಗಸರ ತಂಡದಲ್ಲಿ ಕೆನಡಾದ ಕ್ಲೋಯಿ ಲಕಾಸ್ ಇದ್ದಳು. ನಾಲ್ಕು ವರ್ಷ ದ್ವೀಪದಲ್ಲಿದ್ದು ಐಸ್‌ಲ್ಯಾಂಡಿನ ಪೌರತ್ವವನ್ನೂ ಪಡೆದಳು. ಆ ದೇಶಕ್ಕೆ ಆಡಲು ಮಾತ್ರ ನಿಯಮ ಬಿಡಲಿಲ್ಲ. ಪೋರ್ಚುಗಲ್ಲಿನ ಬೆನ್‌ಫಿಕಾ ಕ್ಲಬ್ಬಿಗೆ ಹೋದಳು, ಕೆನಡಾ ಪರ ಆಡಿದಳು, ಇಂಗ್ಲೆಂಡಿನ ಆರ್ಸೆನಲ್ ಕ್ಲಬ್ಬು ಸೇರಿದಳು.

ಗಾಜಿನ ಆಚೆ ಕೂತವರು ಕೈ ತೋರಿಸ್ತಿದ್ದಾರೆ. ಇಂಗ್ಲೆಂಡಿನ ಗೋಲ್‌ಕೀಪರ್ ಡೇವಿಡ್ ಜೇಮ್ಸ್ ನಲವತ್ತು ದಾಟಿದ ಮೇಲೆ 2013ರಲ್ಲಿ ಈ ದ್ವೀಪಕ್ಕೆ ಬಂದು ಗ್ಲೌಸ್ ತೊಟ್ಟು ನಿಂತ ಕಥೆ ಹಾಗೇ ಉಳೀತು. ಮತ್ತೆ ಕರೆದರೆ ಹೇಳ್ತೀನಿ. ನಮಸ್ಕಾರ.