ಕೈಗಾರಿಕಾ ರೋಬೋಟಿನ ಕೀಲುಗಳು

ಸಭಿಕರೆಲ್ಲರಿಗೂ ನಮಸ್ಕಾರ.

1961ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಜನರಲ್ ಮೋಟರ್ಸ್ ಕಾರ್ಖಾನೆಯೊಂದರಲ್ಲಿ ಯೂನಿಮೇಟ್ ಎಂಬ ಯಂತ್ರ ಕೆಲಸಕ್ಕೆ ನಿಂತಿತು. ಕರಗಿದ ಲೋಹವನ್ನು ಅಚ್ಚಿಗೆ ಒತ್ತಿ ಎರಕ ಹೊಯ್ಯುವ ಡೈಕಾಸ್ಟಿಂಗ್ ಯಂತ್ರದಿಂದ ಇನ್ನೂ ಕಾದಿರುವ ಲೋಹದ ಭಾಗಗಳನ್ನು ಹೊರತೆಗೆಯುವುದು, ಅಂದರೆ ಮನುಷ್ಯರ ಕೈ ಸುಡುವಂಥ ಕೆಲಸ, ಅದರ ಪಾಲಿಗೆ ಬಂದಿತ್ತು. ಜಾರ್ಜ್ ಡೆವಾಲ್ 1954ರಲ್ಲಿ ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದ ಈ ಯಂತ್ರವನ್ನು ಜೋಸೆಫ್ ಎಂಗಲ್‌ಬರ್ಗರ್ ಉದ್ಯಮವಾಗಿ ಬೆಳೆಸಿದರು. ಯೂನಿಮೇಟ್ ಹೈಡ್ರಾಲಿಕ್, ಅಂದರೆ ದ್ರವದ ಒತ್ತಡದಿಂದ ನಡೆಯುತ್ತಿತ್ತು. 1970ರ ದಶಕದಲ್ಲಿ ಜರ್ಮನಿಯ ಕೂಕಾ, ಸ್ವೀಡನ್ನಿನ ಆಸಿಯಾ ಕಂಪನಿಗಳು ವಿದ್ಯುತ್ ಮೋಟರಿನ ತೋಳುಗಳನ್ನು ತಂದವು. ಇಂದಿನ ರೋಬೋಟುಗಳು ಬಹುಪಾಲು ಅದೇ ದಾರಿಯಲ್ಲಿ ಬಂದವು.

ಸಾಮಾನ್ಯ ಕೈಗಾರಿಕಾ ರೋಬೋಟಿಗೆ ಆರು ಕೀಲುಗಳು. ಬುಡದ ಮೂರು ಕೀಲುಗಳು ತೋಳಿನ ತುದಿಯನ್ನು ಬೇಕಾದ ಜಾಗಕ್ಕೆ ಒಯ್ಯುತ್ತವೆ, ಮಣಿಕಟ್ಟಿನ ಮೂರು ಕೀಲುಗಳು ಅದನ್ನು ಬೇಕಾದ ಕೋನಕ್ಕೆ ಹೊರಳಿಸುತ್ತವೆ. ಪ್ರತಿ ಕೀಲಿಗೂ ಹೇಳಿದಷ್ಟೇ ತಿರುಗಿ ನಿಲ್ಲುವ ಒಂದು ಸರ್ವೋ ಮೋಟರ್, ಕೋನ ಅಳೆಯುವ ಎನ್‌ಕೋಡರ್, ವಿದ್ಯುತ್ ಹೋದಾಗ ತೋಳು ಕುಸಿಯದಂತೆ ತಡೆಯುವ ಬ್ರೇಕ್ ಇರುತ್ತವೆ. ಪೀಣ್ಯದಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಸಿಎನ್‌ಸಿ ಯಂತ್ರಗಳಲ್ಲಿ ಪಳಗಿದವರಿಗೆ ಇವು ಹೊಸವಲ್ಲ. ತುದಿಯಲ್ಲಿ ವಸ್ತು ಹಿಡಿಯುವ ಗ್ರಿಪ್ಪರ್ ಅಥವಾ ವೆಲ್ಡಿಂಗ್ ಟಾರ್ಚ್, ಪಕ್ಕದಲ್ಲಿ ಇದನ್ನೆಲ್ಲ ನಡೆಸುವ ಕಂಪ್ಯೂಟರ್, ಅಂದರೆ ಕಂಟ್ರೋಲರ್. ಎಲ್ಲರೂ ಕಂಟ್ರೋಲರನ್ನೇ ಹೊಗಳುತ್ತಾರೆ. ನನ್ನ ಮಟ್ಟಿಗೆ ರೋಬೋಟಿನ ಯೋಗ್ಯತೆ ತೀರ್ಮಾನವಾಗುವುದು ಮೋಟರಿಗೂ ತೋಳಿಗೂ ನಡುವೆ ಕೂತು ಮೋಟರಿನ ವೇಗವನ್ನು ತಗ್ಗಿಸುವ ಗೇರ್‌ಬಾಕ್ಸಿನಲ್ಲಿ.

ಲೆಕ್ಕ ಹಾಕಿ ನೋಡಿ. ಬುಡದ ಕೀಲಿನ ಗೇರಿನಲ್ಲಿ ಒಂದು ಡಿಗ್ರಿಯ ಅರುವತ್ತನೇ ಒಂದು ಭಾಗದಷ್ಟು ಸಡಿಲವಿದ್ದರೂ, 2 ಮೀಟರ್ ಚಾಚಿದ ತೋಳಿನ ತುದಿ ಸುಮಾರು 0.6 ಮಿಲಿಮೀಟರ್ ಅತ್ತಿತ್ತ ಸರಿಯುತ್ತದೆ. ಎನ್‌ಕೋಡರ್ ಸಾಮಾನ್ಯವಾಗಿ ಮೋಟರಿನ ಶಾಫ್ಟಿನ ಮೇಲಿರುವುದರಿಂದ ಗೇರಿನ ಆಚೆಗಿನ ಈ ಸಡಿಲ ಅದಕ್ಕೆ ಕಾಣುವುದೇ ಇಲ್ಲ. ಕಾಣದ ತಪ್ಪನ್ನು ಎಂಥ ಕಂಟ್ರೋಲರೂ ತಿದ್ದಲಾರದು.

ಇದಕ್ಕೆ ಪರಿಹಾರವಾಗಿ ಒದಗಿದ್ದು, 1950ರ ದಶಕದಲ್ಲಿ ವಾಲ್ಟನ್ ಮಸ್ಸರ್ ರೂಪಿಸಿದ ಹಾರ್ಮೋನಿಕ್ ಡ್ರೈವ್ ಎಂಬ ಗೇರು. ಗಟ್ಟಿಯಾದ ಹೊರ ಬಳೆಯ ಒಳಮೈಯಲ್ಲಿ 202 ಹಲ್ಲುಗಳಿವೆ ಎಂದುಕೊಳ್ಳಿ. ಅದರೊಳಗೆ ತೆಳು ಉಕ್ಕಿನ, ಬಾಗಬಲ್ಲ ಬಟ್ಟಲು. ಅದರ ಹೊರಮೈಯಲ್ಲಿ 200 ಹಲ್ಲು. ಬಟ್ಟಲಿನೊಳಗೆ ಮೋಟರ್ ತಿರುಗಿಸುವ ಅಂಡಾಕಾರದ ಭಾಗವೊಂದನ್ನು ಕೂರಿಸಿದಾಗ ಬಟ್ಟಲು ಎದುರುಬದುರಾದ ಎರಡು ಕಡೆ ಉಬ್ಬಿ ಹೊರ ಬಳೆಯ ಹಲ್ಲುಗಳಿಗೆ ಕಚ್ಚಿಕೊಳ್ಳುತ್ತದೆ. ಈ ಒಳಭಾಗ ಒಂದು ಸುತ್ತು ಬಂದರೆ, ಕೀಲಿಗೆ ಜೋಡಿಸಿದ ಬಟ್ಟಲು ಎರಡೇ ಹಲ್ಲು ಹಿಂದಕ್ಕೆ ಸರಿಯುತ್ತದೆ. ಮೋಟರಿನ ನೂರು ಸುತ್ತಿಗೆ ಕೀಲಿನದು ಒಂದು ಸುತ್ತು; ವೇಗ ತಗ್ಗಿದಂತೆ ತಿರುಚುಬಲ ಹೆಚ್ಚುತ್ತದೆ. ಏಕಕಾಲಕ್ಕೆ ಹಲವು ಹಲ್ಲುಗಳು ಕಚ್ಚಿಕೊಂಡಿರುವುದರಿಂದ ಸಡಿಲ ಇಲ್ಲವೆನ್ನುವಷ್ಟು ಕಡಿಮೆ. ದೊಡ್ಡ ಭಾರ ಹೊರುವ ಬುಡದ ಕೀಲುಗಳಿಗೆ ಹೆಚ್ಚು ಗಡುಸಾದ, ಸೈಕ್ಲಾಯ್ಡಲ್ ಎಂಬ ಇನ್ನೊಂದು ಬಗೆಯ ಗೇರ್‌ಬಾಕ್ಸ್ ಬಳಸುತ್ತಾರೆ.

ಕೀಲು ಹೀಗೆ ಬಿಗಿಯಾಗಿರುವುದರಿಂದಲೇ, ಒಮ್ಮೆ ತೋರಿಸಿಕೊಟ್ಟ ಬಿಂದುವಿಗೆ ತೋಳು ಹಲವು ಮಾದರಿಗಳಲ್ಲಿ 0.1 ಮಿಲಿಮೀಟರಿಗಿಂತ ಕಡಿಮೆ ವ್ಯತ್ಯಾಸದಲ್ಲಿ ಮತ್ತೆ ಮತ್ತೆ ಮರಳುತ್ತದೆ. ಆ ಬಿಂದುಗಳನ್ನು ಕಲಿಸುವವರು ರೋಬೋಟಿನ ಸುತ್ತಲಿನ ಸುರಕ್ಷತಾ ಬೇಲಿಯೊಳಗೆ ನಿಂತು, ಟೀಚ್ ಪೆಂಡೆಂಟ್ ಎಂಬ ನಿಯಂತ್ರಣ ಫಲಕವನ್ನು ಕೈಯಲ್ಲಿ ಹಿಡಿದು, ಸೆಕೆಂಡಿಗೆ 250 ಮಿಲಿಮೀಟರ್ ಮೀರದ ವೇಗದಲ್ಲಿ ತೋಳನ್ನು ನಡೆಸುತ್ತಾರೆ. ಪೆಂಡೆಂಟಿನ ಹಿಂಬದಿಯ ಸ್ವಿಚ್ಚನ್ನು ಹದವಾಗಿ ಒತ್ತಿ ಹಿಡಿದಿದ್ದರೆ ಮಾತ್ರ ರೋಬೋಟ್ ಚಲಿಸುತ್ತದೆ. ಗಾಬರಿಯಾದ ಮನುಷ್ಯ ಕೈಯಲ್ಲಿದ್ದುದನ್ನು ಬಿಟ್ಟುಬಿಡಬಹುದು, ಇಲ್ಲವೇ ಬಿಗಿಯಾಗಿ ಅವುಚಿಕೊಳ್ಳಬಹುದು. ಎರಡರಲ್ಲಿ ಯಾವುದಾದರೂ ತೋಳು ಅಲ್ಲೇ ನಿಲ್ಲುವಂತೆ ಆ ಸ್ವಿಚ್ಚನ್ನು ಮಾಡಿದ್ದಾರೆ.