ಲಂಗೋಟಿಯಿಂದ ಚಡ್ಡಿಯವರೆಗೆ

ಕೇಳುಗರಿಗೆಲ್ಲ ನಮಸ್ಕಾರ. ಮಕ್ಕಳ ಲಂಗೋಟಿ, ಬಟ್ಟೆ ಡಯಾಪರ್ ಬಗ್ಗೆ ಮಾತಾಡಿ ಎಂದು ಬಾನುಲಿಯವರು ಕರೆದಿದ್ದಾರೆ. ಇದರಲ್ಲಿ ಮಾತಾಡೋದು ಏನಿದೆ ಅಂತ ಕೆಲವರು ನಗಬಹುದು. ಬಾಗಲಕೋಟೆಯಲ್ಲಿ ಮಕ್ಕಳ ಡಾಕ್ಟರಾಗಿ ಕೂತಿರುವ ನನಗೆ ನಗು ಬರುವುದಿಲ್ಲ. ತೊಡೆಸಂದಿ ಕೆಂಪಾಗಿದೆ, ಮಗು ರಾತ್ರಿಯಿಡೀ ಅಳುತ್ತದೆ ಎಂದು ದಿನಾ ಯಾರಾದರೂ ಬರುತ್ತಾರೆ. ಬಂದವರು ಮೊದಲು ಕೇಳುವುದು ಒಂದೇ: ಯಾವ ಕಂಪನಿಯದು ತಗೊಳ್ಳಬೇಕು?

ಕಂಪನಿ ಬಿಡಿ. ನಾನು ಹೇಳುವುದು ಇಷ್ಟೇ. ಬೇಗ ಒಣಗುವ ಬಟ್ಟೆ ತಗೊಳ್ಳಿ. ಬೇಗ ಒಣಗಿದರೆ ಕೈಯಲ್ಲಿ ಯಾವಾಗಲೂ ಒಣ ಬಟ್ಟೆ ಇರುತ್ತದೆ. ಒಣ ಬಟ್ಟೆ ಇದ್ದರೆ ಬೇಗ ಬದಲಿಸುತ್ತೀರಿ. ಬೇಗ ಬದಲಿಸಿದರೆ ಚರ್ಮ ಕೆಂಪಾಗುವುದಿಲ್ಲ. ದಪ್ಪನೆಯ ಒಂದಕ್ಕಿಂತ ತೆಳ್ಳನೆಯ ಹತ್ತು ಮೇಲು.

ಹುಟ್ಟಿದ ಮಗುವಿನಿಂದ ಶುರು ಮಾಡೋಣ. ಮೊದಲ ಎರಡು ಮೂರು ದಿನ ಮಗು ಕಪ್ಪಗೆ, ಡಾಂಬರಿನ ಹಾಗೆ ಅಂಟುವ ಮಲ ಮಾಡುತ್ತದೆ. ಅದು ಹೊಸ ಬಟ್ಟೆಗೆ ಹತ್ತಿದರೆ ಸುಲಭಕ್ಕೆ ಬಿಡುವುದಿಲ್ಲ. ಹಾಗಾಗಿ ಆ ದಿನಗಳಿಗೆ ಹಳೇ ಬಟ್ಟೆಯೇ ಸರಿ. ಆಮೇಲೆ ಮಲ ಹಸಿರಾಗಿ, ಹಳದಿಯಾಗಿ ತಿಳಿಯಾಗುತ್ತದೆ. ಎದೆಹಾಲು ಸಾಕಾಗುತ್ತಿದೆಯೋ ಇಲ್ಲವೋ ಎಂದು ತಿಳಿಯಲು ಲಂಗೋಟಿ ನೋಡಿದರೆ ಸಾಕು. ಐದು ದಿನ ಕಳೆದ ಮೇಲೆ ಹಗಲು ರಾತ್ರಿ ಸೇರಿ ಕನಿಷ್ಠ 6 ಸಲ ಒದ್ದೆ ಆಗಬೇಕು. ದಪ್ಪ ಡಯಾಪರ್ ಕಟ್ಟಿದರೆ ಈ ಲೆಕ್ಕ ಸಿಗುವುದಿಲ್ಲ. ಕೂಸು ಉಚ್ಚೆ ಹೊಯ್ದಿದೆಯೋ ಇಲ್ಲವೋ ಅದೇ ಗೊತ್ತಾಗುವುದಿಲ್ಲ.

ಈ ವಯಸ್ಸಿಗೆ ಅಜ್ಜನ ಹಳೇ ಧೋತರಕ್ಕಿಂತ ಒಳ್ಳೆಯದು ಅಂಗಡಿಯಲ್ಲಿ ಇಲ್ಲ. ತೊಳೆದು ತೊಳೆದು ಮೆತ್ತಗಾಗಿರುತ್ತದೆ, ನೀರು ಹೀರುತ್ತದೆ, ನಮ್ಮ ಬಿಸಿಲಿಗೆ ನೋಡನೋಡುತ್ತ ಒಣಗುತ್ತದೆ. ಒಂದು ಮೊಳಕ್ಕಿಂತ ಸ್ವಲ್ಪ ಜಾಸ್ತಿ ಚೌಕಾಗಿ ಹರಿದು, ಇಪ್ಪತ್ತು ಇಪ್ಪತ್ತೈದು ಮಾಡಿಟ್ಟುಕೊಳ್ಳಿ. ಹಳೇ ಇಳಕಲ್ ಸೀರೆ ಇದ್ದರೆ ಒಡಲು ಹತ್ತಿಯದಾ ನೋಡಿ. ಸೆರಗು ಬೇಡ, ಅದು ಲಂಗೋಟಿಗೆ ಆಗುವ ನೂಲಲ್ಲ. ಈಗ ಪಾಲಿಯೆಸ್ಟರ್ ಬೆರೆತ ಸೀರೆಗಳೂ ಬಹಳ. ಅನುಮಾನ ಇದ್ದರೆ ಬಟ್ಟೆ ಮೇಲೆ ನಾಲ್ಕು ಹನಿ ನೀರು ಹಾಕಿ. ತಕ್ಷಣ ಹೀರಿದರೆ ಸರಿ, ನಿಂತರೆ ಬೇಡ. ಈ ನಾಲ್ಕು ಹನಿಯ ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಕಟ್ಟುವಾಗ ಹೊಕ್ಕಳ ಕೆಳಗೆ ಕಟ್ಟಿ. ಹೊಕ್ಕಳಬಳ್ಳಿ ಉದುರುವವರೆಗೂ ಅದರ ಮೇಲೆ ಬಟ್ಟೆ ಬೇಡ, ಅರಿಶಿನ ಬೇಡ, ಎಣ್ಣೆ ಬೇಡ, ಬೂದಿ ಬೇಡ. ಸುಮ್ನೆ ಒಣಗಲು ಬಿಡಿ. ಕಾಲು ನೆಟ್ಟಗೆ ಎಳೆದು ಬಿಗಿಯಾಗಿ ಸುತ್ತಬೇಡಿ. ಕೂಸಿನ ಕಾಲು ಕಪ್ಪೆಯ ಕಾಲಿನಂತೆ ಅಗಲವಾಗಿಯೇ ಇರಬೇಕು, ಸೊಂಟದ ಕೀಲಿಗೆ ಅದೇ ಒಳ್ಳೆಯದು.

ಇನ್ನು ಅಂಗಡಿಯ ಬಟ್ಟೆ ಡಯಾಪರಿಗೆ ಬರುವ ಮೊದಲು ಒಂದು ಸಂಗತಿ ಹೇಳಿಬಿಡುತ್ತೇನೆ. ಗುಳೇದಗುಡ್ಡದ ಕಡೆಯಿಂದ ಒಬ್ಬ ಅಜ್ಜಿ, ಸೊಸೆ, ಹತ್ತು ತಿಂಗಳ ಮೊಮ್ಮಗ ಬಂದಿದ್ದರು. ಬಾಗಿಲಲ್ಲೇ ಜಗಳ. ಅಜ್ಜಿ, "ಏನ್ ಹಚ್ಚಿದ್ರೂ ಕಡಿಮಿ ಆಗವಲ್ದು ನೋಡ್ರಿ ಬಾಯಾರ. ಆ ಪ್ಲಾಸ್ಟಿಕ್ ಚಡ್ಡಿ ಬ್ಯಾಡ ಅಂದ್ರ ಕೇಳಂಗಿಲ್ಲ ಈಕಿ" ಅಂದಳು. ಸೊಸೆ, "ಪ್ಲಾಸ್ಟಿಕ್ ಅಲ್ಲರಿ, ಅದು ಬಟ್ಟೀದ ಐತಿ. ಒಂದಕ್ಕ ನಾಲ್ಕನೂರು ರೂಪಾಯಿ. ಇವರು ಕಟ್ಟೋ ಲಂಗೋಟಿಯಿಂದ ಹಿಂಗಾಗೈತಿ" ಅಂದಳು. ಮಗುವಿನ ಸಂದಿ ನೋಡಿದರೆ ಸುಟ್ಟ ಹಾಗೆ ಕೆಂಪಾಗಿತ್ತು. ಬ್ಯಾಗಿನಲ್ಲಿ ಎರಡೂ ಇದ್ದವು, ಸೊಸೆಯ ಡಯಾಪರ್, ಅಜ್ಜಿಯ ಲಂಗೋಟಿ. ಎರಡನ್ನೂ ಮೇಜಿನ ಮೇಲೆ ಹಾಸಿ ಅಂದೆ. ಡಯಾಪರಿನ ಒಳಮೈ ಮೇಲೆ ನಾಲ್ಕು ಹನಿ ನೀರು ಬಿಟ್ಟೆ. ಒಂದು ಹನಿಯೂ ಒಳಗಿಳಿಯಲಿಲ್ಲ, ಉರುಳಿ ಮೇಜಿಗೆ ಬಿತ್ತು. ಅಜ್ಜಿಯ ಮುಖ ಅರಳಿತು. ಲಂಗೋಟಿ ಮೇಲೆ ಬಿಟ್ಟೆ. ಅಲ್ಲೂ ನಿಂತಿತು! ಬಹಳ ಹೊತ್ತಾದ ಮೇಲೆ ನಿಧಾನಕ್ಕೆ ಇಳಿಯಿತು. ಈಗ ಸೊಸೆ ನಕ್ಕಳು.

ತೊಳೆಯೋದು ಹೇಗೆ ಅಂತ ಕೇಳಿದೆ. ಬೋರ್ ನೀರು. "ಆ ನೀರಾಗ ಬ್ಯಾಳಿ ಬೇಯ್ತದೇನ?" ಅಂದೆ. "ಎಲ್ಲಿ ಬೇಯ್ತದ್ರಿ, ಬ್ಯಾಳಿಗೆ ನಳದ ನೀರ ಬೇಕು" ಅಂದಳು ಅಜ್ಜಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಬೇಳೆ ಬೇಯದ ನೀರಿನಲ್ಲಿ ಸುಣ್ಣದ ಅಂಶ ಜಾಸ್ತಿ. ಸಾಬೂನು ಅದರ ಜೊತೆ ಸೇರಿ ಅಂಟಾಗಿ ನೂಲಿಗೆ ಹತ್ತುತ್ತದೆ. ನೊರೆ ಬರಲಿಲ್ಲ ಅಂತ ಇವರು ಇನ್ನಷ್ಟು ಸಾಬೂನು ತಿಕ್ಕುತ್ತಿದ್ದರು. ಸಾಲದ್ದಕ್ಕೆ ಸೊಸೆ ಕೊನೆಯ ನೀರಿಗೆ ಘಮಘಮ ಅನ್ನುವ ಮೆತ್ತಗೆ ಮಾಡುವ ದ್ರವ ಹಾಕುತ್ತಿದ್ದಳು. ಅದು ನೂಲಿನ ಮೇಲೆ ಪದರ ಕಟ್ಟುತ್ತದೆ, ನೀರು ಒಳಗೆ ಹೋಗುವುದೇ ಇಲ್ಲ. ಅಜ್ಜಿ ಸುಮ್ಮನಿದ್ದಳಾ? ಹುಳ ಸಾಯಲಿ ಅಂತ ತೊಳೆಯುವ ನೀರಿಗೆ ಬಾಟಲಿಯ ಖಾರ ವಾಸನೆಯ ಔಷಧಿ ಒಂದು ಮುಚ್ಚಳ. ಇಷ್ಟೆಲ್ಲ ಕೂಸಿನ ಮೈಗೆ!

ಇನ್ನೊಂದು ಕೇಳಿದೆ, ಒಣಗಿಸೋದು ಎಲ್ಲಿ? ಕೋಣೆಯೊಳಗೆ ಅಂತೆ. ಮಗುವಿನ ಬಟ್ಟೆ ಹೊರಗೆ ಹಾಕಿದರೆ ದೃಷ್ಟಿ ಆಗುತ್ತದೆ ಅಂತ ಅಜ್ಜಿ, ಮಾಳಿಗೆ ಹತ್ತಲು ಬೇಸರ ಅಂತ ಸೊಸೆ. ಆ ಡಯಾಪರ್ ನಾಲ್ಕೈದು ಪದರ ಸೇರಿಸಿ ಹೊಲಿದದ್ದು, ಬಿಚ್ಚಲು ಬರುವುದಿಲ್ಲ. ನಾನು ಬೆರಳಿನಿಂದ ಒತ್ತಿ ನೋಡಿದೆ. ಮೇಲೆ ಒಣ, ಒಳಗೆ ಹಸಿ. ಇದ್ದದ್ದೇ ನಾಲ್ಕು. ಒಣಗಲು ಒಂದೂವರೆ ದಿನ. ಲೆಕ್ಕ ನೀವೇ ಮಾಡಿ, ಅವರು ಬದಲಿಸುವುದಾದರೂ ಹೇಗೆ? ರಾತ್ರಿ ಒಂದು ಕಟ್ಟಿದರೆ ಬೆಳಗಿನವರೆಗೆ ಅದೇ.

ಹಚ್ಚುವ ಔಷಧಿ ಬದಲಿಸಲಿಲ್ಲ ನಾನು. ನಳದ ನೀರು ಬಂದ ದಿನ ಎಲ್ಲ ಬಟ್ಟೆಯನ್ನೂ ಬರೀ ಬಿಸಿನೀರಿನಲ್ಲಿ ನೊರೆ ನಿಲ್ಲುವವರೆಗೆ ತೊಳೆಯಿರಿ, ಮಾಳಿಗೆ ಮೇಲೆ ಬಿಸಿಲಿಗೆ ಹಾಕಿ, ಹಳೇ ಧೋತರ ಹರಿದು ಇನ್ನೂ ಹದಿನೈದು ಮಾಡಿ ಅಂದೆ. ಘಮಘಮ ಬಾಟಲಿ, ಔಷಧಿ ಬಾಟಲಿ ಎರಡೂ ಬಂದ್. ಮುಂದಿನ ಸಲ ಬಂದಾಗ ಮಗುವಿನ ಸಂದಿ ತಿಳಿಯಾಗಿತ್ತು. ಅತ್ತೆ ಸೊಸೆ ಇಬ್ಬರೂ ತಾನೇ ಗೆದ್ದೆ ಅಂದುಕೊಂಡು ಹೋದರು. ನನಗೇನು, ಕೂಸು ಗೆದ್ದಿತಲ್ಲ.

ಸಮಯ ಓಡುತ್ತಿದೆ, ಅಂಗಡಿ ಡಯಾಪರಿಗೆ ಬರುತ್ತೇನೆ. ನಾಲ್ಕೈದು ತಿಂಗಳಿಗೆ ಮಗು ಹೊರಳಲು ಶುರು ಮಾಡುತ್ತದೆ, ಎಂಟು ಒಂಬತ್ತಕ್ಕೆ ಅಂಬೆಗಾಲು. ಆಗ ಲಂಗೋಟಿ ನಿಲ್ಲುವುದಿಲ್ಲ, ಒಂದು ಸಲಕ್ಕೆ ಹೊಯ್ಯುವ ನೀರೂ ಜಾಸ್ತಿ. ಈ ವಯಸ್ಸಿಗೆ ಜೇಬಿನ ಡಯಾಪರ್ ತಗೊಳ್ಳಿ. ಅಂದರೆ ಹೊರಗೆ ನೀರು ಸೋರದ ಕವರು, ಅದಕ್ಕೊಂದು ಜೇಬು, ಜೇಬಿನೊಳಗೆ ತೂರಿಸುವ ಪ್ಯಾಡು. ಪ್ಯಾಡ್ ಹೊರಗೆ ಬರುತ್ತದೆ, ಬೇಗ ಒಣಗುತ್ತದೆ. ನನಗೆ ಬೇಕಾದ್ದು ಅದೇ. ಗುಂಡಿಗಳ ಸಾಲಿರುತ್ತದೆ, ಮಗು ಬೆಳೆದ ಹಾಗೆ ಕೆಳಗಿನ ಸಾಲು ಬಿಚ್ಚುತ್ತ ಹೋದರೆ ಅದೇ ಡಯಾಪರ್ ಎರಡು ವರ್ಷ ಬರುತ್ತದೆ. ಸೊಂಟದಲ್ಲಿ ಎರಡು ಬೆರಳು ತೂರುವಷ್ಟು ಸಡಿಲ ಇರಲಿ. ತೊಡೆಯಲ್ಲಿ ಎಲಾಸ್ಟಿಕ್ ಅಚ್ಚು ಆಳವಾಗಿ ಬಿದ್ದರೆ ಬಿಗಿಯಾಯಿತು ಎಂದು ಅರ್ಥ. ಗಂಡುಮಗುವಿಗೆ ಪ್ಯಾಡಿನ ದಪ್ಪ ಮುಂದೆ ಬರಲಿ, ಹೆಣ್ಣುಮಗುವಿಗೆ ನಡುವೆ.

ಪ್ಯಾಡ್ ಹತ್ತಿಯದಾದರೆ ಮೈಗೆ ತಾಗಿದರೂ ನಡೆಯುತ್ತದೆ. ಮೈಕ್ರೋಫೈಬರ್, ಅಂದರೆ ತೀರ ಸಣ್ಣ ಕೃತಕ ನೂಲಿನ ಪ್ಯಾಡ್ ಆದರೆ ಜೇಬಿನೊಳಗೇ ಇರಬೇಕು. ಅದು ಚರ್ಮದ ಪಸೆಯನ್ನೂ ಎಳೆದುಕೊಳ್ಳುತ್ತದೆ. ಹೊಸ ಹತ್ತಿ ಪ್ಯಾಡನ್ನು ನಾಲ್ಕೈದು ಸಲ ತೊಳೆದು ಒಣಗಿಸಿದ ಮೇಲೆಯೇ ಬಳಸಿ. ಅದಕ್ಕೆ ಮೊದಲು ಅದು ಪೂರಾ ಹೀರುವುದಿಲ್ಲ. ಜನ ಒಂದು ಸಲ ಕಟ್ಟಿ, ಸೋರಿತು ಅಂತ ಬೀರುವಿನಲ್ಲಿ ಎಸೆದುಬಿಡುತ್ತಾರೆ.

ವಿಜಯಪುರದ ಕಡೆಯ ತಾಯಂದಿರಿಗೆ ಒಂದು ಮಾತು. ಪ್ಯಾಡ್ ಬಿಸಿಲಿಗೆ, ಕವರು ನೆರಳಿಗೆ. ಬೇಸಿಗೆಯ ಕಾದ ಮಾಳಿಗೆ ಮೇಲೆ ಕವರು ಹಾಕಿದರೆ ನೀರು ತಡೆಯುವ ಪದರ ಹಾಳಾಗುತ್ತದೆ, ಕುದಿಸಿದರೂ ಅಷ್ಟೇ. ಬೆಳಗಾವಿ, ಖಾನಾಪುರದವರದು ಉಲ್ಟಾ ಕಷ್ಟ, ಮಳೆ ಹಿಡಿದರೆ ಬಿಡುವುದಿಲ್ಲ. ಅಲ್ಲಿ ಪದರ ಸೇರಿಸಿ ಹೊಲಿದ ಡಯಾಪರ್ ಕೊಳ್ಳಲೇಬೇಡಿ. ಮಡಚಿ ಪ್ಯಾಡ್ ಮಾಡುವ, ಬಿಚ್ಚಿ ಹಾಸಿ ಒಣಗಿಸುವ ತೆಳ್ಳನೆ ಹತ್ತಿ ಚೌಕಗಳೇ ಸರಿ. ಬುಟ್ಟಿ ಬೋರಲು ಹಾಕಿ ಕೆಳಗೆ ಕೆಂಡ ಇಟ್ಟು ಒಣಗಿಸುವ ಪದ್ಧತಿ ನನಗೆ ಗೊತ್ತು. ಒಣಗಿಸಿ, ಆದರೆ ಬಾಣಂತಿ ಕೂಸು ಮಲಗಿದ ಕೋಣೆಯಲ್ಲಿ ಬೇಡ. ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟರೆ ಪ್ರಾಣಕ್ಕೇ ಅಪಾಯ.

ಆರು ತಿಂಗಳಾಗಿ ಗಂಜಿ, ಅನ್ನ ಶುರುವಾದ ಮೇಲೆ ಮಲ ಗಟ್ಟಿಯಾಗುತ್ತದೆ. ಡಯಾಪರಿನ ಒಳಮೈ ಮೇಲೆ ಒಂದು ತೆಳು ಬಟ್ಟೆ ಹಾಕಿ, ಮಲವನ್ನು ಪಾಯಖಾನೆಗೆ ಕೊಡವಿ ತೊಳೆಯಿರಿ. ಗಟಾರಕ್ಕಲ್ಲ, ತಿಪ್ಪೆಗಲ್ಲ. ಕೂಸಿನದಲ್ವಾ ಏನಾಗುತ್ತೆ ಅನ್ನಬೇಡಿ, ದೊಡ್ಡವರದ್ದು ತರುವ ರೋಗ ಅದೂ ತರುತ್ತದೆ.

ಪೌಡರ್ ಬೇಡ. ಹಾಕಿದರೆ ಕೂಸಿನ ಮೂಗಿಗೆ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಡಬ್ಬ ತರುತ್ತಾರೆ. ಸಂದಿಯ ಮಡಿಕೆಯೊಳಗೆ ಕಡುಕೆಂಪಾಗಿ, ಸುತ್ತ ಸಣ್ಣ ಸಣ್ಣ ಚುಕ್ಕೆ ಎದ್ದಿದ್ದರೆ ಅದು ಬೂಷ್ಟಿನ ಸೋಂಕು ಇರಬಹುದು. ಮನೆಯಲ್ಲಿ ಏನೇನೋ ಹಚ್ಚಬೇಡಿ, ಡಾಕ್ಟರಿಗೆ ತೋರಿಸಿ.

ಒಂದೂವರೆ ವರ್ಷ ದಾಟಿದ ಮಗು ಎರಡು ತಾಸು ಒಣಗೇ ಇರುತ್ತದೆ, ಬಂತು ಅಂತ ಕೈ ತೋರಿಸುತ್ತದೆ ಅಂದರೆ ಡಯಾಪರ್ ಬಿಡಿಸುವ ಹೊತ್ತು ಬಂತು. ಆಗ ನಡುವೆ ದಪ್ಪ ಹೊಲಿದ ಹತ್ತಿ ಚಡ್ಡಿ ಸಾಕು. ಅದು ಒಂದು ಸಲದ ಉಚ್ಚೆ ತಡೆಯುತ್ತದೆ, ಮಗುವಿಗೆ ಒದ್ದೆ ಆದದ್ದು ಗೊತ್ತಾಗುತ್ತದೆ. ಗೊತ್ತಾಗಲಿ ಅಂತಲೇ ಅದು ಇರೋದು. ಅಜ್ಜಿಯರು ಕಾಲ ಮೇಲೆ ಕೂರಿಸಿಕೊಂಡು "ಶ್ಶ್ಶ್" ಅನ್ನುತ್ತಾರಲ್ಲ, ಅದನ್ನು ಬಿಡಿಸಬೇಡಿ, ಒಳ್ಳೆಯ ಅಭ್ಯಾಸ. ಬೈಯಬೇಡಿ, ಹೊಡೆಯಬೇಡಿ. ರಾತ್ರಿ ಒದ್ದೆ ನಿಲ್ಲಲು ಇನ್ನೂ ವರ್ಷ ಎರಡು ವರ್ಷ ಹಿಡಿದರೂ ಗಾಬರಿ ಬೇಡ. ಅಲ್ಲಿಯವರೆಗೆ ಹಾಸಿಗೆ ಮೇಲೆ ಒಂದು ರಬ್ಬರ್ ಹಾಳೆ, ಅದರ ಮೇಲೆ ತೆಳ್ಳನೆ ಹಳೇ ಕೌದಿ ಹಾಸಿ. ದಪ್ಪ ಕೌದಿ ಬೇಡ, ಅದು ಒಣಗುವುದಿಲ್ಲ. ನಮಸ್ಕಾರ.